ಒಂದೊಂದೇ ಕಣ್ಣು ಮುಚ್ಚಿ ನೋಡಿ: ವಯಸ್ಸಾದ ಕಣ್ಣುಗಳ ಜೊತೆ ಏಗುವುದು ಹೇಗೆ

ಮೊದಲು ಒಂದು ಕೆಲಸ ಮಾಡಿ, ಓದುವುದು ಆಮೇಲೆ. ಕನ್ನಡಕ ಇದ್ದರೆ ಹಾಕಿಕೊಂಡೇ, ಬಲಗಣ್ಣನ್ನು ಅಂಗೈಯಿಂದ ಮುಚ್ಚಿ. ಒತ್ತಬೇಡಿ, ಸುಮ್ನೆ ಮರೆ ಮಾಡಿದರೆ ಸಾಕು. ಎಡಗಣ್ಣೊಂದರಲ್ಲೇ ಎದುರಿನ ಗೋಡೆ, ಕಿಟಕಿಯ ಸರಳು, ಗಡಿಯಾರದ ಮುಳ್ಳು ನೋಡಿ. ಈಗ ಕೈ ಬದಲಾಯಿಸಿ ಇನ್ನೊಂದು ಕಣ್ಣಲ್ಲಿ ಅದನ್ನೇ ನೋಡಿ. ಎರಡರಲ್ಲೂ ಒಂದೇ ಥರ ಕಂಡಿತಾ?

ನಾನು ಇದನ್ನು ಬೇಕಂತ ಮಾಡಿದ್ದಲ್ಲ. ನನಗಾಗ 57. ಮುಖ ತೊಳೆಯುವಾಗ ಎಡಗಣ್ಣಿಗೆ ಸೋಪು ಹೋಯಿತು. ಆ ಕಣ್ಣು ಮುಚ್ಚಿಕೊಂಡೇ ಕನ್ನಡಿ ನೋಡಿದೆ. ಕನ್ನಡಿ ತುಂಬ ಹಬೆ. ಟವೆಲಿನಿಂದ ಒರೆಸಿದೆ, ಹೋಗಲಿಲ್ಲ. ಇನ್ನೊಮ್ಮೆ ಒರೆಸಿದೆ. ಆಮೇಲೆ ನೆನಪಾಯಿತು, ನಾನು ಬಳಸಿದ್ದು ತಣ್ಣೀರು, ಹಬೆ ಎಲ್ಲಿಂದ ಬರಬೇಕು? ಉರಿಯುತ್ತಿದ್ದ ಎಡಗಣ್ಣನ್ನು ಮೆಲ್ಲಗೆ ತೆರೆದೆ. ಹಬೆ ಮಾಯ. ಅಂದರೆ ಅದು ಕನ್ನಡಿಯ ಮೇಲೆ ಇರಲೇ ಇಲ್ಲ, ನನ್ನ ಬಲಗಣ್ಣಿನೊಳಗೆ ಇತ್ತು. ಎಷ್ಟು ತಿಂಗಳಿಂದ ಇತ್ತೋ ದೇವರಿಗೇ ಗೊತ್ತು.

ಇದಕ್ಕೆ ಕಾರಣ ಸರಳ. ಎರಡು ಕಣ್ಣು ತಂದುಕೊಟ್ಟಿದ್ದನ್ನು ಮಿದುಳು ಕಲಸಿ ಒಂದು ಚಿತ್ರ ಮಾಡುತ್ತದೆ, ಚೆನ್ನಾಗಿರುವ ಕಣ್ಣಿನ ಮಾತನ್ನೇ ಜಾಸ್ತಿ ಕೇಳುತ್ತದೆ, ಕಾಣದ ಜಾಗವನ್ನು ಸುತ್ತಮುತ್ತಲ ಬಣ್ಣ ಹಚ್ಚಿ ಮುಚ್ಚಿಬಿಡುತ್ತದೆ. ನಂಬಿಕೆ ಬರದಿದ್ದರೆ ಗೆರೆ ಹಾಕಿದ ಒಂದು ಹಾಳೆ ತಗೊಳ್ಳಿ. ಒಂದೇ ಗೆರೆಯ ಮೇಲೆ ಎಡಕ್ಕೆ ಒಂದು ಗುಣಾಕಾರದ ಗುರುತು, ಅದರಿಂದ 8 ಸೆಂ.ಮೀ. ಬಲಕ್ಕೆ ಒಂದು ದಪ್ಪ ಚುಕ್ಕೆ ಹಾಕಿ. ಎಡಗಣ್ಣು ಮುಚ್ಚಿ, ಬಲಗಣ್ಣಿಂದ ಎಡಗಡೆಯ ಗುರುತನ್ನೇ ದಿಟ್ಟಿಸುತ್ತಾ ಹಾಳೆಯನ್ನು ನಿಧಾನಕ್ಕೆ ಹತ್ತಿರ ತನ್ನಿ. ಸುಮಾರು 30 ಸೆಂ.ಮೀ. ದೂರಕ್ಕೆ ಬಂದಾಗ ಚುಕ್ಕೆ ಮಾಯವಾಗುತ್ತದೆ. ಆದರೆ ಅಲ್ಲಿ ತೂತು ಕಾಣಿಸುವುದಿಲ್ಲ, ಗೆರೆ ಏನೂ ಆಗಿಲ್ಲದ ಹಾಗೆ ಮುಂದುವರಿದಿರುತ್ತದೆ! ಕಣ್ಣಿನ ನರ ಹೊರಗೆ ಹೋಗುವ ಆ ಜಾಗದಲ್ಲಿ ಬೆಳಕು ಗುರುತಿಸುವ ಕಣಗಳೇ ಇಲ್ಲ. 1660ರ ದಶಕದಲ್ಲಿ ಫ್ರಾನ್ಸಿನ ಎಡ್ಮೆ ಮಾರಿಯಟ್ ಎಂಬವರು ಇದನ್ನು ಕಂಡುಹಿಡಿಯುವ ತನಕ ಹೀಗೊಂದು ಕುರುಡು ಜಾಗ ಎಲ್ಲರ ಕಣ್ಣಲ್ಲೂ ಇದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಹುಟ್ಟಿನಿಂದ ಜೊತೆಗಿರುವ ತೂತನ್ನೇ ಮಿದುಳು ಇಷ್ಟು ಚೆನ್ನಾಗಿ ಮುಚ್ಚಿಡುವುದಾದರೆ, ಹೊಸದಾಗಿ ಬಂದ ತೊಂದರೆಯನ್ನು ಮುಚ್ಚಿಡುವುದು ಅದಕ್ಕೆ ಯಾವ ಲೆಕ್ಕ?

ಹಾಗಾಗಿ ನಲವತ್ತು ದಾಟಿದವರೆಲ್ಲ ವಾರಕ್ಕೊಮ್ಮೆ ಒಂದೊಂದೇ ಕಣ್ಣು ಮುಚ್ಚಿ ನೋಡಿಕೊಳ್ಳಿ. ಅರ್ಧ ನಿಮಿಷದ ಕೆಲಸ. ಒಂದು ಕಣ್ಣಲ್ಲಿ ಮಂಜು, ಬಣ್ಣದಲ್ಲಿ ವ್ಯತ್ಯಾಸ, ನೆಟ್ಟಗಿರುವ ಸರಳು ಡೊಂಕಾಗಿ ಕಾಣುವುದು, ಮಧ್ಯದಲ್ಲಿ ಕಲೆ, ಇವುಗಳಲ್ಲಿ ಯಾವುದು ಕಂಡರೂ ಡಾಕ್ಟರ ಹತ್ತಿರ ಹೋಗಿ.

ಚಾಳೀಸು ಬಂತು, ಚಾಳೀಸು ಹೋಯಿತು

ಚಾಳೀಸು ಅಂದರೇನೇ ನಲವತ್ತು. ಮೊಬೈಲನ್ನು ಓದಲು ಕೈ ಚಾಚಿ ಚಾಚಿ, ಕೊನೆಗೆ ಕೈಯೇ ಸಾಲದಾದಾಗ ಗೊತ್ತಾಗುತ್ತದೆ. ಕಣ್ಣಿನೊಳಗಿನ ಲೆನ್ಸು ಚಿಕ್ಕಂದಿನಲ್ಲಿ ಮೆತ್ತಗಿರುತ್ತದೆ, ಹತ್ತಿರದ್ದನ್ನು ನೋಡಲು ಉಬ್ಬುತ್ತದೆ. ಹತ್ತು ವರ್ಷದ ಮಗು ಮೂಗಿನ ತುದಿಗೇ ಪುಸ್ತಕ ಹಿಡಿದು ಓದುತ್ತದೆ. ವಯಸ್ಸಾಗುತ್ತಾ ಲೆನ್ಸು ಬಿರುಸಾಗುತ್ತದೆ, ಉಬ್ಬುವುದಿಲ್ಲ. ಇದು ಕಾಯಿಲೆಯಲ್ಲ, ಯಾವ ವ್ಯಾಯಾಮಕ್ಕೂ ವಾಪಸ್ಸು ಹೋಗುವುದೂ ಇಲ್ಲ. ಕನ್ನಡಕ ಹಾಕಿದರೆ ಕಣ್ಣು ಸೋಮಾರಿಯಾಗುತ್ತದೆ ಅನ್ನುವುದು ಸುಳ್ಳು. ಹಾಕಿದರೂ ಹಾಕದಿದ್ದರೂ ಅರವತ್ತರ ಸುಮಾರಿಗೆ ನಂಬರು 2.5ರ ಹತ್ತಿರ ಹೋಗಿ ನಿಲ್ಲುತ್ತದೆ. ಸುಮ್ನೆ ಹಾಕಿಕೊಳ್ಳಿ.

ಕನ್ನಡಕ ಮರೆತು ಬಂದಾಗ ಒಂದು ಉಪಾಯ ಇದೆ. ತೋರುಬೆರಳನ್ನು ಸುರುಳಿ ಸುತ್ತಿ ಸೂಜಿ ಹೋಗುವಷ್ಟು ಸಣ್ಣ ತೂತು ಮಾಡಿ, ಕಣ್ಣಿಗೆ ಹತ್ತಿರ ಹಿಡಿದು ಅದರೊಳಗಿಂದ ನೋಡಿ. ಮಾತ್ರೆ ಪಟ್ಟಿಯ ಮೇಲಿನ ಸಣ್ಣ ಅಕ್ಷರವೂ ಬಿಡಿಬಿಡಿಯಾಗಿ ಕಾಣುತ್ತದೆ. ಚೆಲ್ಲಾಪಿಲ್ಲಿಯಾಗಿ ಬರುವ ಕಿರಣಗಳನ್ನು ತೂತು ತಡೆಯುವುದರಿಂದ ಹೀಗೆ. ನೋಡಿದವರು ಏನಂದುಕೊಳ್ಳುತ್ತಾರೋ ಅದು ನಿಮಗೆ ಬಿಟ್ಟದ್ದು.

ರೆಡಿಮೇಡ್ ಓದುವ ಕನ್ನಡಕ ತಪ್ಪೇನಲ್ಲ. ಆದರೆ ಅದಕ್ಕೆ ಎರಡೂ ಕಣ್ಣಿನ ನಂಬರು ಒಂದೇ ಇರಬೇಕು. ಜೊತೆಗೆ, ಕನ್ನಡಕ ಸಿಕ್ಕಿತಲ್ಲ ಅಂತ ಕಣ್ಣಿನ ಪರೀಕ್ಷೆಯನ್ನೇ ಬಿಟ್ಟುಬಿಡುತ್ತೇವೆ, ನಿಜವಾದ ತೊಂದರೆ ಅಲ್ಲಿದೆ. ಪ್ರೊಗ್ರೆಸಿವ್ ಅಥವಾ ಬೈಫೋಕಲ್ ಹಾಕುವವರಿಗೆ ಇನ್ನೊಂದು ಮಾತು: ಕೆಳಗಿನ ಭಾಗ ಓದುವುದಕ್ಕೆ ಇರುವುದು, ಅದರಲ್ಲಿ ಮೆಟ್ಟಿಲು ನೋಡಿದರೆ ಮಂಜಾಗಿ ಕಾಣುತ್ತದೆ. ಮೆಟ್ಟಿಲಿಳಿಯುವಾಗ ಕಣ್ಣನ್ನಷ್ಟೇ ಅಲ್ಲ, ಗದ್ದವನ್ನೂ ಕೆಳಗೆ ಮಾಡಿ, ಮೇಲಿನ ಭಾಗದಿಂದ ನೋಡಿ. ಒಂದು ಕೈ ಕಂಬಿಯ ಮೇಲಿರಲಿ.

ಈಗ ನನ್ನ ದಡ್ಡತನದ ಕಥೆ. ಆ ಸೋಪಿನ ಘಟನೆಗೆ ಆರು ತಿಂಗಳು ಮುಂಚೆ ನನಗೆ ಇದ್ದಕ್ಕಿದ್ದಂತೆ ಕನ್ನಡಕ ಇಲ್ಲದೆ ಪೇಪರ್ ಓದಲು ಬರತೊಡಗಿತು. ಖುಷಿಯೋ ಖುಷಿ. ಸಿಕ್ಕವರಿಗೆಲ್ಲ ಹೇಳಿದೆ, ನನ್ನ ಚಾಳೀಸು ಹೋಯಿತು ಅಂತ. ಕನ್ನಡಕವನ್ನು ಡ್ರಾಯರಿಗೆ ಹಾಕಿದೆ. ಆಮೇಲೆ ಡಾಕ್ಟರು ಬಿಡಿಸಿ ಹೇಳಿದರು: ಪೊರೆ ಬೆಳೆಯುವಾಗ ಕೆಲವರಲ್ಲಿ ಲೆನ್ಸಿನ ನಡುಭಾಗ ದಟ್ಟವಾಗಿ ಅದರ ಪವರ್ ಏರುತ್ತದೆ, ಕಣ್ಣಿಗೆ ಸಮೀಪದೃಷ್ಟಿ ಬಂದುಬಿಡುತ್ತದೆ, ಹತ್ತಿರದ್ದು ಚೆನ್ನಾಗಿ ಕಾಣುತ್ತದೆ, ದೂರದ್ದು ಸದ್ದಿಲ್ಲದೆ ಕೈಬಿಡುತ್ತದೆ. ನಾನು ವರ ಅಂದುಕೊಂಡು ಊರಿಗೆಲ್ಲ ಹೇಳಿದ್ದು ಪೊರೆಯ ಸುದ್ದಿ. ನಿಮ್ಮ ಮನೆಯಲ್ಲಿ ಯಾರಾದರೂ ಅರವತ್ತರ ಆಸುಪಾಸಲ್ಲಿ ಹೀಗೆ ಹೇಳಿದರೆ ಚಪ್ಪಾಳೆ ತಟ್ಟಬೇಡಿ, ಕಣ್ಣು ತೋರಿಸಲು ಕರೆದುಕೊಂಡು ಹೋಗಿ.

ಪೊರೆ

ಹೆಸರು ಕೇಳಿ ಕಣ್ಣಿನ ಮೇಲೆ ಏನೋ ಪದರ ಬೆಳೆಯುತ್ತದೆ ಅಂದುಕೊಳ್ಳುವವರು ಜಾಸ್ತಿ. ಹಾಗಲ್ಲ. ಪಾಪೆಯ ಹಿಂದಿರುವ ನಮ್ಮ ಸ್ವಂತ ಲೆನ್ಸೇ ಮಂಜಾಗುವುದು. ರಾತ್ರಿ ಎದುರಿನ ಗಾಡಿಯ ಲೈಟು ಚೆಲ್ಲಿದ ಹಾಗೆ ಕಾಣುವುದು, ಎಷ್ಟು ಬೆಳಕಿದ್ದರೂ ಸಾಲದು ಅನ್ನಿಸುವುದು, ಕನ್ನಡಕದ ನಂಬರು ಪದೇ ಪದೇ ಬದಲಾಗುವುದು ಇದರ ಲಕ್ಷಣ. ಡ್ರಾಪ್ಸ್ ಹಾಕಿ ಪೊರೆ ಕರಗಿಸುತ್ತೇವೆ ಅನ್ನುವವರ ಹತ್ತಿರ ದುಡ್ಡು ಕಳೆದುಕೊಳ್ಳಬೇಡಿ. ಅಂಥ ಔಷಧಿ ಇಲ್ಲ, ಆಪರೇಷನ್ ಒಂದೇ ದಾರಿ.

ಯಾವಾಗ ಮಾಡಿಸಬೇಕು? "ಪೊರೆ ಇನ್ನೂ ಹಣ್ಣಾಗಿಲ್ಲ, ಕಾಯಿರಿ" ಅನ್ನುವುದು ಹಳೇ ಕಾಲದ ಮಾತು. ನಿಮ್ಮ ದಿನದ ಕೆಲಸಕ್ಕೆ ಅಡ್ಡಿಯಾಗುತ್ತಿದೆಯಾ, ಓದು, ಗಾಡಿ ಓಡಿಸುವುದು, ಮುಖ ಗುರುತಿಸುವುದು ಕಷ್ಟವಾಗುತ್ತಿದೆಯಾ, ಹಾಗಾದರೆ ಮಾಡಿಸಿ. ತೀರಾ ಬಲಿಯುವ ತನಕ ಬಿಟ್ಟರೆ ಲೆನ್ಸು ಕಲ್ಲಿನಂತಾಗಿ ಡಾಕ್ಟರಿಗೂ ಕಷ್ಟ, ನಿಮಗೂ ಕಷ್ಟ.

ಒಳಗೆ ಕೂರಿಸುವ ಕೃತಕ ಲೆನ್ಸಿನ ಹಿಂದೆ ಒಂದು ಚೆಂದದ ಕಥೆ ಇದೆ. ಎರಡನೇ ಮಹಾಯುದ್ಧದಲ್ಲಿ ವಿಮಾನದ ಗಾಜು ಒಡೆದು ಪೈಲಟ್‌ಗಳ ಕಣ್ಣಿಗೆ ಚೂರು ಹೊಕ್ಕಿದ್ದವು. ಅದು ಗಾಜಲ್ಲ, ಅಕ್ರಿಲಿಕ್ ಪ್ಲಾಸ್ಟಿಕ್. ಆ ಚೂರುಗಳನ್ನು ಕಣ್ಣು ಸುಮ್ಮನೆ ಸಹಿಸಿಕೊಂಡಿದ್ದನ್ನು ಇಂಗ್ಲೆಂಡಿನ ಡಾಕ್ಟರ್ ಹೆರಾಲ್ಡ್ ರಿಡ್ಲಿ ಗಮನಿಸಿದರು, ಅದರಿಂದಲೇ ಲೆನ್ಸು ಮಾಡಿಸಿ 1949ರಲ್ಲಿ ಮೊದಲ ಸಲ ಕಣ್ಣೊಳಗೆ ಇಟ್ಟರು. ಅದಕ್ಕೂ ಮುಂಚೆ ಪೊರೆ ತೆಗೆಸಿಕೊಂಡವರಿಗೆ ಸೋಡಾ ಬಾಟ್ಲಿ ತಳದಂಥ ಕನ್ನಡಕವೇ ಗತಿ.

ಆಪರೇಷನ್ನಿಗೆ ಮುಂಚೆ ನೀವು ತಗೊಳ್ಳುವ ಎಲ್ಲ ಮಾತ್ರೆಯ ಹೆಸರನ್ನೂ ಬರೆದುಕೊಂಡು ಹೋಗಿ. ಗಂಡಸರು ಪ್ರಾಸ್ಟೇಟ್ ತೊಂದರೆಗೆ ಟ್ಯಾಮ್ಸುಲೋಸಿನ್ ತಗೊಳ್ಳುತ್ತಿದ್ದರೆ, ಹಿಂದೆ ತಗೊಂಡು ಬಿಟ್ಟಿದ್ದರೂ, ತಪ್ಪದೆ ಹೇಳಿ. ಆ ಮಾತ್ರೆಯಿಂದ ಪಾಪೆಯ ಸುತ್ತಲಿನ ಬಣ್ಣದ ಭಾಗ ಜೋಲಾಗಿ ಆಪರೇಷನ್ ಮಧ್ಯೆ ತೊಡಕು ಕೊಡುತ್ತದೆ. ಮೂತ್ರದ ಮಾತ್ರೆಗೂ ಕಣ್ಣಿಗೂ ಏನು ಸಂಬಂಧ ಅಂತ ನಾವು ಹೇಳುವುದೇ ಇಲ್ಲ ಅಲ್ವಾ? ಮೊದಲೇ ಗೊತ್ತಿದ್ದರೆ ಡಾಕ್ಟರು ತಯಾರಾಗಿರುತ್ತಾರೆ. ಲೆನ್ಸು ಆರಿಸುವಾಗ ರಾತ್ರಿ ಗಾಡಿ ಓಡಿಸುತ್ತೀರಾ, ಜಾಸ್ತಿ ಓದುತ್ತೀರಾ ಅನ್ನುವುದನ್ನೂ ಹೇಳಿ. ಮಲ್ಟಿಫೋಕಲ್, ಅಂದರೆ ದೂರ ಹತ್ತಿರ ಎರಡಕ್ಕೂ ಆಗುವ ಲೆನ್ಸು, ಹಾಕಿಸಿಕೊಂಡ ಕೆಲವರಿಗೆ ರಾತ್ರಿ ದೀಪದ ಸುತ್ತ ಬಳೆ ಕಾಣುತ್ತದೆ. ದುಬಾರಿ ಲೆನ್ಸೇ ಎಲ್ಲರಿಗೂ ಒಳ್ಳೆಯದು ಅಂತೇನಿಲ್ಲ.

ಆಪರೇಷನ್ ಆದ ಮೇಲೆ ನೋವು ಏರುತ್ತಾ ಹೋದರೆ, ಕೆಂಪು ಜಾಸ್ತಿಯಾದರೆ, ದೃಷ್ಟಿ ಕುಸಿದರೆ ಬೆಳಗಾಗಲಿ ಅಂತ ಕಾಯದೆ ಅವತ್ತೇ ಹೋಗಿ. ಕೆಲವು ತಿಂಗಳೋ ವರ್ಷವೋ ಕಳೆದು ಮತ್ತೆ ಮಂಜಾದರೆ ಹೆದರಬೇಡಿ. ಪೊರೆ ಮರುಕಳಿಸುವುದಿಲ್ಲ, ಲೆನ್ಸಿನ ಹಿಂದಿನ ತೆಳು ಚೀಲ ಮಸುಕಾಗಿರುತ್ತದೆ, ಲೇಸರಿನಿಂದ ಕೆಲವೇ ನಿಮಿಷದಲ್ಲಿ ಸರಿ ಮಾಡುತ್ತಾರೆ.

ಡ್ರಾಪ್ಸ್ ಹಾಕುವ ಕಲೆ

ನಗಬೇಡಿ, ಇದು ಕಲೆಯೇ. ಆಪರೇಷನ್ ಆದ ಮೊದಲ ಎರಡು ದಿನ ನನ್ನ ಕೆನ್ನೆ, ಕಿವಿ, ದಿಂಬು ಎಲ್ಲದಕ್ಕೂ ಔಷಧಿ ಬಿತ್ತು, ಕಣ್ಣೊಂದನ್ನು ಬಿಟ್ಟು.

ಕೈ ತೊಳೆದುಕೊಳ್ಳಿ. ತಲೆ ಹಿಂದಕ್ಕೆ ಬಾಗಿಸಿ ಅಥವಾ ಮಲಗಿ. ಕೆಳ ರೆಪ್ಪೆಯನ್ನು ಬೆರಳಿಂದ ಎಳೆದರೆ ಒಂದು ಸಣ್ಣ ಜೇಬಿನಂತಾಗುತ್ತದೆ. ಚಾವಣಿ ನೋಡುತ್ತಾ ಆ ಜೇಬಿಗೆ ಒಂದು ಹನಿ ಬಿಡಿ. ಬಾಟ್ಲಿಯ ತುದಿ ಎಲ್ಲಿಗೂ ತಾಗಬಾರದು. ಕೈ ನಡುಗಿದರೆ ಬಾಟ್ಲಿ ಹಿಡಿದ ಕೈಯನ್ನು ಹಣೆಗೆ ಊರಿಕೊಳ್ಳಿ. ಹನಿ ಬಿದ್ದ ಮೇಲೆ ಪಟಪಟ ಅಂತ ರೆಪ್ಪೆ ಬಡಿಯಬೇಡಿ, ಔಷಧಿ ಆಚೆ ಹೋಗುತ್ತದೆ. ಮೆಲ್ಲಗೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿಂದ ಎರಡು ನಿಮಿಷ ಒತ್ತಿ ಹಿಡಿಯಿರಿ. ಕಣ್ಣೀರು ಗಂಟಲಿಗಿಳಿಯುವ ನಾಳ ಅಲ್ಲಿದೆ. ಅದನ್ನು ಒತ್ತದಿದ್ದರೆ ಬಾಯಿ ಕಹಿಯಾಗುತ್ತದೆ, ಔಷಧಿ ಮೈಗೆಲ್ಲ ಸೇರುತ್ತದೆ.

ಒಂದು ಹನಿ ಸಾಕು. ಕಣ್ಣಲ್ಲಿ ಹಿಡಿಯುವುದೇ ಸುಮಾರು ಒಂದು ಹನಿಯಷ್ಟು, ಎರಡನೆಯದು ಕೆನ್ನೆಗೇ. ಎರಡು ಬೇರೆ ಔಷಧಿ ಇದ್ದರೆ ನಡುವೆ ಐದು ನಿಮಿಷ ಬಿಡಿ. ಹೋದ ಸಲ ಮಿಕ್ಕಿದ್ದ ಬಾಟ್ಲಿ, ಪಕ್ಕದ ಮನೆಯವರು ಕೊಟ್ಟ ಬಾಟ್ಲಿ ಬೇಡವೇ ಬೇಡ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕಣ್ಣಿನ ಕೆಂಪೇನೋ ಹೋಗುತ್ತದೆ, ತಿಂಗಳುಗಟ್ಟಲೆ ಹಾಕಿಕೊಂಡರೆ ಪೊರೆಯೂ ಬರುತ್ತದೆ, ಕಣ್ಣಿನ ನರ ಹಾಳು ಮಾಡುವ ಗ್ಲಾಕೋಮಾವೂ ಬರುತ್ತದೆ.

ನೋವಿಲ್ಲದ ಕಳ್ಳ

ಪೊರೆಯಲ್ಲಿ ಹೋದ ದೃಷ್ಟಿ ವಾಪಸ್ಸು ಬರುತ್ತದೆ. ಗ್ಲಾಕೋಮಾದಲ್ಲಿ ಬರುವುದಿಲ್ಲ. ಕಣ್ಣಿನ ನರ ನಿಧಾನಕ್ಕೆ ಸಾಯುತ್ತದೆ, ನೋಟದ ಅಂಚಿನಿಂದ ತಿನ್ನುತ್ತಾ ಬರುತ್ತದೆ, ನೋವಿಲ್ಲ, ಕೆಂಪಿಲ್ಲ, ನಡುವಿನ ನೋಟ ಕೊನೆಯ ತನಕ ಚೆನ್ನಾಗಿಯೇ ಇರುತ್ತದೆ. ಹಾಳೆಯ ಮೇಲೆ ಚುಕ್ಕೆ ಮಾಯವಾದದ್ದು ನೋಡಿದಿರಲ್ಲ, ಅದೇ ಆಟ. ಹಾಗಾಗಿ ಇದನ್ನು ಮನೆಯಲ್ಲಿ ಕಣ್ಣು ಮುಚ್ಚಿ ನೋಡಿ ಹಿಡಿಯುತ್ತೇನೆ ಅಂದುಕೊಳ್ಳಬೇಡಿ, ಡಾಕ್ಟರೇ ಹಿಡಿಯಬೇಕು. ಕಣ್ಣಿನ ಒತ್ತಡ ಸಾಮಾನ್ಯವಾಗಿ 10ರಿಂದ 21 ಇರುತ್ತದೆ. ಆದರೆ ಒತ್ತಡ ಸರಿಯಿದ್ದೂ ನರ ಹಾಳಾಗುವವರಿದ್ದಾರೆ. "ಪ್ರೆಷರ್ ನಾರ್ಮಲ್" ಅಂದರೆ ಅಷ್ಟಕ್ಕೇ ಎದ್ದು ಬರಬೇಡಿ, ನರ ನೋಡಿದಿರಾ ಅಂತ ಕೇಳಿ. ಅಪ್ಪ, ಅಮ್ಮ, ಅಣ್ಣ, ಅಕ್ಕ, ತಮ್ಮ, ತಂಗಿ ಯಾರಿಗಾದರೂ ಇದ್ದರೆ ನಿಮಗೂ ಬರುವ ಸಾಧ್ಯತೆ ಜಾಸ್ತಿ. ಔಷಧಿ ಶುರುವಾದ ಮೇಲೆ ಏನೂ ವ್ಯತ್ಯಾಸ ಗೊತ್ತಾಗುವುದಿಲ್ಲ ಅಂತ ಬಿಡುವವರು ತುಂಬ ಜನ. ವ್ಯತ್ಯಾಸ ಗೊತ್ತಾಗದೆ ಇರಲಿ ಅಂತಲೇ ಆ ಔಷಧಿ ಕೊಡುವುದು!

ಸಕ್ಕರೆ ಕಾಯಿಲೆ ಇರುವವರು ಕಣ್ಣು ಚೆನ್ನಾಗಿ ಕಂಡರೂ ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ರೆಟಿನಾ, ಅಂದರೆ ಕಣ್ಣಿನ ಹಿಂಬದಿಯ ಬೆಳಕು ಹಿಡಿಯುವ ಪದರ, ತೋರಿಸಲೇಬೇಕು. ಅವತ್ತು ಕೆಲವು ಗಂಟೆ ಎಲ್ಲ ಮಂಜು ಮಂಜು, ಗಾಡಿ ಓಡಿಸಬೇಡಿ, ತಂಪು ಕನ್ನಡಕ ಜೊತೆಗಿರಲಿ.

ಅವತ್ತೇ ಓಡಬೇಕಾದ ಸಂದರ್ಭಗಳೂ ಇವೆ. ಕಣ್ಣ ಮುಂದೆ ಒಂದೆರಡು ಕೂದಲೆಳೆ, ಸೊಳ್ಳೆಯಂಥದ್ದು ತೇಲುವುದು ಐವತ್ತರ ಮೇಲೆ ಮಾಮೂಲಿ. ಆದರೆ ಇದ್ದಕ್ಕಿದ್ದಂತೆ ಮಸಿ ಚಿಮುಕಿಸಿದ ಹಾಗೆ ಚುಕ್ಕೆಗಳು, ಮೂಲೆಯಲ್ಲಿ ಮಿಂಚು ಹೊಡೆದ ಹಾಗೆ ಬೆಳಕು, ಒಂದು ಬದಿಯಿಂದ ಪರದೆ ಎಳೆದ ಹಾಗೆ ಕತ್ತಲೆ ಆದರೆ ರೆಟಿನಾ ಹರಿದಿರಬಹುದು, ಕಳಚುತ್ತಿರಬಹುದು. ಕಣ್ಣು ಸಿಡಿಯುವಂಥ ನೋವು, ಕೆಂಪು, ದೀಪದ ಸುತ್ತ ಬಣ್ಣದ ಬಳೆ, ಜೊತೆಗೆ ವಾಂತಿ ಬಂದರೆ ಅದು ಒಮ್ಮೆಲೇ ಒತ್ತಡ ಏರುವ ಬಗೆಯ ಗ್ಲಾಕೋಮಾ. ಇದನ್ನು ತಲೆನೋವು, ಪಿತ್ತ ಅಂತ ಮಾತ್ರೆ ನುಂಗಿ ಮಲಗಿದವರು ಬೆಳಗ್ಗೆ ಕಣ್ಣು ಕಳೆದುಕೊಂಡಿದ್ದುಂಟು. ಇನ್ನು, ಒಂದು ಕಣ್ಣಿನ ದೃಷ್ಟಿ ಫಕ್ಕನೆ ಹೋಗಿ, ಆಮೇಲೆ ತಾನಾಗಿಯೇ ಬಂದರೂ, ಸುಮ್ಮನಿರಬೇಡಿ.

ನಡುವೆ ಮಸುಕಾದರೆ

ಮ್ಯಾಕ್ಯುಲಾ ಅಂದರೆ ರೆಟಿನಾದ ನಟ್ಟನಡುವಿನ ಜಾಗ. ಓದುವುದು, ಮುಖ ಗುರುತಿಸುವುದು ಎಲ್ಲ ಅದರ ಕೆಲಸ. ವಯಸ್ಸಾದ ಮೇಲೆ ಅದು ಸವೆದರೆ ನೆಟ್ಟಗಿನ ಗೆರೆಗಳು ಅಲೆಅಲೆಯಾಗಿ ಕಾಣುತ್ತವೆ. ಇದಕ್ಕೆಂದೇ ಚೌಕಳಿ ಹಾಕಿದ ಒಂದು ಕಾರ್ಡ್ ಇದೆ, ಆಮ್ಸ್ಲರ್ ಚಾರ್ಟ್ ಅನ್ನುತ್ತಾರೆ. ಅದಿಲ್ಲದಿದ್ದರೆ ಗೋಡೆಯ ಟೈಲ್ಸ್ ಗೆರೆಯೂ ಆದೀತು, ಓದುವ ಕನ್ನಡಕ ಹಾಕಿ, ಒಂದೊಂದೇ ಕಣ್ಣಲ್ಲಿ. ಹೊಸದಾಗಿ ಡೊಂಕು ಕಂಡರೆ ತಡ ಮಾಡಬೇಡಿ. ಒಂದು ಬಗೆಯದಕ್ಕೆ ಕಣ್ಣಿನೊಳಗೆ ಇಂಜೆಕ್ಷನ್ ಕೊಡುತ್ತಾರೆ. ಕೇಳಲು ಭಯ, ಆದರೆ ಬೇಗ ಶುರು ಮಾಡಿದರೆ ದೃಷ್ಟಿ ಉಳಿಯುತ್ತದೆ. ಸಿಗರೇಟು ಸೇದುವವರು ಬಿಡಲೇಬೇಕು. ವಿಟಮಿನ್ ಮಾತ್ರೆಗಳ ವಿಷಯ: ಮಧ್ಯಮ ಹಂತ ದಾಟಿದವರಿಗೆ ಒಂದು ನಿರ್ದಿಷ್ಟ ಮಿಶ್ರಣ ಸ್ವಲ್ಪ ತಡೆ ಹಾಕುತ್ತದೆ, ಅದನ್ನು ಡಾಕ್ಟರೇ ಬರೆದುಕೊಡಲಿ. ಕಣ್ಣು ಚೆನ್ನಾಗಿರುವವರು ನುಂಗಿ ಪ್ರಯೋಜನವಿಲ್ಲ.

ಇನ್ನೊಂದು ವಿಷಯವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ದೃಷ್ಟಿ ತುಂಬ ಕಡಿಮೆಯಾದ ಕೆಲವರಿಗೆ ಇಲ್ಲದ್ದು ಕಾಣತೊಡಗುತ್ತದೆ. ಗೋಡೆಯ ಮೇಲೆ ಹೂವಿನ ಬಳ್ಳಿ, ಕೋಣೆಯಲ್ಲಿ ಪುಟ್ಟ ಪುಟ್ಟ ಮನುಷ್ಯರು. ಹುಚ್ಚು ಅಂದುಕೊಂಡಾರು ಅಂತ ಹೆದರಿ ಬಚ್ಚಿಡುತ್ತಾರೆ. ಇದು ಹುಚ್ಚಲ್ಲ. ಸ್ವಿಟ್ಜರ್ಲೆಂಡಿನ ಚಾರ್ಲ್ಸ್ ಬಾನೆಟ್ 1760ರಲ್ಲೇ ತನ್ನ ಅಜ್ಜನಿಗೆ ಹೀಗೆ ಕಾಣುತ್ತಿದ್ದುದನ್ನು ಬರೆದಿಟ್ಟಿದ್ದಾನೆ, ಅವನ ಹೆಸರಲ್ಲೇ ಇದನ್ನು ಕರೆಯುತ್ತಾರೆ. ಕಣ್ಣಿಂದ ಸುದ್ದಿ ಬರದೆ ಖಾಲಿ ಕೂತ ಮಿದುಳು ತಾನೇ ಚಿತ್ರ ಬರೆದುಕೊಳ್ಳುತ್ತದೆ, ಅಷ್ಟೆ. ಮನೆಯ ಹಿರಿಯರು ಹೀಗೆ ಹೇಳಿದರೆ ಗದರಬೇಡಿ, ದೆವ್ವ ಬಿಡಿಸಲು ಹೊರಡಬೇಡಿ. ದೀಪ ಹಾಕಿ, ಕಣ್ಣನ್ನು ಎಡಕ್ಕೆ ಬಲಕ್ಕೆ ಆಡಿಸಲು ಹೇಳಿ, ಎಷ್ಟೋ ಸಲ ಹೊರಟುಹೋಗುತ್ತದೆ. ಡಾಕ್ಟರಿಗೂ ತಿಳಿಸಿ.

ಬೆಳಕು ಸರಿ ಮಾಡಿಕೊಳ್ಳಿ

ನನ್ನ ಕೇಳಿದರೆ ಅತಿ ಕಡಿಮೆ ಖರ್ಚಿನ ಚಿಕಿತ್ಸೆ ಇದೇ. ವಯಸ್ಸಾದಂತೆ ಪಾಪೆ ಕಿರಿದಾಗುತ್ತದೆ, ಲೆನ್ಸು ಹಳದಿಯಾಗುತ್ತದೆ. ಇಪ್ಪತ್ತರ ಕಣ್ಣಿಗೆ ಹೋಲಿಸಿದರೆ ಅರವತ್ತರ ಕಣ್ಣಿನ ರೆಟಿನಾಗೆ ತಲುಪುವ ಬೆಳಕು ಸುಮಾರು ಮೂರನೇ ಒಂದು ಭಾಗ. ಅಜ್ಜಿ ಕಿಟಕಿ ಪಕ್ಕವೇ ಬೇಕು ಅಂತ ಹಟ ಮಾಡುವುದು ಸುಮ್ನೆ ಅಲ್ಲ.

ಚಾವಣಿಯ ಲೈಟು ದೊಡ್ಡದು ಮಾಡುವುದಕ್ಕಿಂತ ಟೇಬಲ್ ದೀಪವನ್ನು ಪುಸ್ತಕದ ಹತ್ತಿರ ತನ್ನಿ. ಅರ್ಧ ದೂರಕ್ಕೆ ತಂದರೆ ಹಾಳೆಯ ಮೇಲೆ ನಾಲ್ಕು ಪಟ್ಟು ಬೆಳಕು. ದೀಪ ಬರೆಯುವ ಕೈಯ ಎದುರು ಬದಿಯಲ್ಲಿರಲಿ, ಬಲ್ಬು ನೇರ ಕಣ್ಣಿಗೆ ಕಾಣಬಾರದು. ಮೆಟ್ಟಿಲಿನ ಅಂಚಿಗೆ ಎದ್ದು ಕಾಣುವ ಬಣ್ಣದ ಪಟ್ಟಿ ಅಂಟಿಸಿ. ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ಸಣ್ಣ ದೀಪ ಉರಿಯುತ್ತಿರಲಿ, ಕತ್ತಲೆಗೆ ಹೊಂದಿಕೊಳ್ಳಲು ವಯಸ್ಸಾದ ಕಣ್ಣಿಗೆ ಜಾಸ್ತಿ ಹೊತ್ತು ಬೇಕು. ಮೊಬೈಲಿನ ಅಕ್ಷರ ದೊಡ್ಡದು ಮಾಡಿಕೊಳ್ಳಲು ನಾಚಿಕೆ ಏಕೆ? ಕ್ಯಾಮೆರಾದಲ್ಲಿ ಫೋಟೋ ತೆಗೆದು ಹಿಗ್ಗಿಸಿದರೆ ಅದೇ ಭೂತಗನ್ನಡಿ. ಕಣ್ಣು ಉರಿದು ನೀರು ಸುರಿಯುತ್ತಿದ್ದರೆ ಬಹಳ ಸಲ ಅದು ಒಣಗಿದ ಕಣ್ಣೇ. ಪರದೆ ನೋಡುವಾಗ ರೆಪ್ಪೆ ಬಡಿಯುವುದು ಮರೆಯುತ್ತೇವೆ, ಫ್ಯಾನಿನ ಗಾಳಿ ಮುಖಕ್ಕೇ ಹೊಡೆಯುತ್ತಿರುತ್ತದೆ.

ಎರಡು ಗೋಡೆ

ಬಲಗಣ್ಣಿನ ಪಟ್ಟಿ ಬಿಚ್ಚಿದಾಗ ನಾನು ಮೊದಲು ನೋಡಿದ್ದು ಗೋಡೆ. ಬಿಳಿ ಗೋಡೆ. ಎಷ್ಟು ಬಿಳಿ ಅಂದರೆ ಸ್ವಲ್ಪ ನೀಲಿ ಬೆರೆತ ಬಿಳಿ. ಆಮೇಲೆ ಅಭ್ಯಾಸದಂತೆ ಬಲಗಣ್ಣು ಮುಚ್ಚಿ ಎಡಗಣ್ಣಿಂದ ನೋಡಿದೆ. ಅದೇ ಗೋಡೆ ಹಳೇ ಪುಸ್ತಕದ ಹಾಳೆಯ ಬಣ್ಣ. ಸೋಪಿನ ದಿನ ನಾನು ಯಾವ ಕಣ್ಣನ್ನು ನಂಬಿ "ಇದು ಸರಿಯಿದೆ" ಅಂದಿದ್ದೆನೋ ಅದೇ ಎಡಗಣ್ಣು! ಅದಕ್ಕೂ ಪೊರೆ ಇತ್ತು, ಕಡಿಮೆ ಇತ್ತು ಅಷ್ಟೆ. ಚಿತ್ರಕಾರ ಕ್ಲಾಡ್ ಮೊನೆಗೂ ಹೀಗೇ ಆಗಿತ್ತು. 1912ರಲ್ಲಿ ಪೊರೆ ಅಂತ ಗೊತ್ತಾಯಿತು, ಹೆದರಿ ಹೆದರಿ 1923ರಲ್ಲಿ ಬಲಗಣ್ಣಿಗೆ ಆಪರೇಷನ್ ಮಾಡಿಸಿಕೊಂಡ. ನಡುವಿನ ವರ್ಷಗಳ ಚಿತ್ರಗಳಲ್ಲಿ ಕೆಂಪು, ಕಂದು ತುಂಬಿಕೊಂಡಿವೆ.

ಅವತ್ತಿನಿಂದ ನನಗೆ ನೋಡುವ ಚಟ ಹತ್ತಿದೆ. ನೀವೂ ಮಾಡಿ ನೋಡಿ. ಕೈ ಪೂರ್ತಿ ಚಾಚಿ ಹೆಬ್ಬೆರಳ ಉಗುರು ನೋಡಿ. ಒಂದು ಕ್ಷಣಕ್ಕೆ ಕಣ್ಣು ಸ್ಪಷ್ಟವಾಗಿ ನೋಡುವುದು ಹೆಚ್ಚುಕಡಿಮೆ ಅಷ್ಟೇ ಜಾಗವನ್ನು, ಮಿಕ್ಕಿದ್ದೆಲ್ಲ ಮಸುಕು. ಕಣ್ಣು ಅತ್ತಿತ್ತ ಜಿಗಿಯುತ್ತಾ ಇಡೀ ಕೋಣೆಯನ್ನು ಉಗುರುಗಾತ್ರದ ತುಂಡುಗಳಿಂದ ಹೊಲಿದು ಕೊಡುತ್ತದೆ. ಇದು ಗೊತ್ತಾದ ಮೇಲೆ ನಾನು ಎಲೆಯೊಂದನ್ನು ನೋಡುವುದೇ ಬದಲಾಯಿತು, ತೊಟ್ಟಿನಿಂದ ಶುರು ಮಾಡಿ ನರದ ಗುಂಟ ತುದಿಯ ತನಕ ಹೋಗಿ ಬರುತ್ತೇನೆ. ಸೂಜಿಗೆ ದಾರ ಪೋಣಿಸುವ ಕೆಲಸ ಮನೆಯಲ್ಲಿ ಈಗ ನನ್ನದು. ಯಾರೂ ಕೇಳದಿದ್ದರೂ ಒಂದೆರಡು ಪೋಣಿಸಿ ಇಟ್ಟಿರುತ್ತೇನೆ.

ಎಡಗಣ್ಣಿನ ಆಪರೇಷನ್ ಮುಂದಿನ ತಿಂಗಳು. ಆಮೇಲೆ ಆ ಹಳದಿ ಗೋಡೆ ಇರುವುದಿಲ್ಲ. ಹಾಗಾಗಿ ಈಗ ದಿನಾ ಬೆಳಗ್ಗೆ ಹಾಸಿಗೆಯಲ್ಲೇ ಒಂದು ಕಣ್ಣು ಮುಚ್ಚಿ ಬಿಳಿ, ಇನ್ನೊಂದು ಮುಚ್ಚಿ ಹಳದಿ, ಮತ್ತೆ ಬಿಳಿ, ಮತ್ತೆ ಹಳದಿ ಅಂತ ಆಟ ಆಡುತ್ತೇನೆ. ಮನೆಯವರು ಬಾಗಿಲಲ್ಲಿ ನಿಂತು ಯಾರಿಗೆ ಕಣ್ಣು ಹೊಡೆಯುತ್ತಿದ್ದೀರಿ ಅಂತ ಕೇಳುತ್ತಾರೆ.